ವಾಲ್ವಿನಿಂದ ಐಸಿಯವರೆಗೆ: ಗುಜರಾತಿನಲ್ಲಿ ಸರ್ಕಿಟ್ ಪಾಠ ನಡೆದು ಬಂದ ದಾರಿ

ಅಹಮದಾಬಾದಿನ ಪಶ್ಚಿಮ ಅಂಚಿನಲ್ಲಿದ್ದ ಬೋಪಾಲ್ ಎಂಬ ಊರು 2020ರಲ್ಲಿ ಮಹಾನಗರ ಪಾಲಿಕೆಯೊಳಗೆ ಸೇರಿತು. 2022ರ ಜೂನ್ 10ರಂದು, ಖಾಸಗಿ ಸಂಸ್ಥೆಗಳ ಬಾಹ್ಯಾಕಾಶ ಚಟುವಟಿಕೆಗಳಿಗೆ ಅನುಮತಿ ನೀಡುವ ಕೇಂದ್ರ ಸರ್ಕಾರದ ಇನ್-ಸ್ಪೇಸ್ ಸಂಸ್ಥೆಯ ಕೇಂದ್ರ ಕಚೇರಿ ಅಲ್ಲಿ ಉದ್ಘಾಟನೆಗೊಂಡಿತು. ಒಂದು ಬಡಾವಣೆಗೆ ಇಂಥ ಕಚೇರಿ ಬಂದುದರ ಹಿಂದೆ ಮುಕ್ಕಾಲು ಶತಮಾನದ ಕಲಿಕೆಯಿದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಡಯೋಡ್ ಮತ್ತು ಟ್ರಾನ್ಸಿಸ್ಟರ್‌ಗಳ ಸ್ವಭಾವವನ್ನು ಅರಿತ ವಿದ್ಯಾರ್ಥಿಯು ಮುಂದಿನ ಹಂತದಲ್ಲಿ ಅವುಗಳನ್ನು ಜೋಡಿಸಿ ಬಹುಹಂತದ ಆಂಪ್ಲಿಫೈಯರ್, ಆಸಿಲೇಟರ್, ಫಿಲ್ಟರ್‌ಗಳನ್ನು ಕಟ್ಟಲು ಕಲಿಯುವ ಪಾಠವೇ ಆ ಕಲಿಕೆಯ ನಡುಗಂಬ. ಅದರ ತರ್ಕವೆಲ್ಲ ಟ್ರಾನ್ಸಿಸ್ಟರಿಗಿಂತ ಹಳೆಯದು ಎಂಬುದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ನೆನಪಿಸುವುದಿಲ್ಲ.

ಗುಜರಾತಿನಲ್ಲಿ ತಾಂತ್ರಿಕ ಶಿಕ್ಷಣಕ್ಕೆ ಬುನಾದಿ ಬಿದ್ದದ್ದು 1890ರಲ್ಲಿ, ಮೂರನೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ವಡೋದರಾದ ಕಲಾಭವನ ತೆರೆದಾಗ. ಸೂರತ್ ಮೂಲದ ರಸಾಯನಶಾಸ್ತ್ರಜ್ಞ ತ್ರಿಭುವನದಾಸ್ ಗಜ್ಜರ್ ಅದರ ಮೊದಲ ಪ್ರಾಂಶುಪಾಲರು. ಬಣ್ಣಗಾರಿಕೆ, ಕುಶಲ ಕೈಗಾರಿಕೆಗಳಿಗಾಗಿ ಹುಟ್ಟಿದ ಈ ಸಂಸ್ಥೆ ಮುಂದೆ 1949ರಲ್ಲಿ ಸ್ಥಾಪನೆಯಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗವಾಗಿ ಬೆಳೆಯಿತು. ಅದಕ್ಕೂ ಒಂದು ವರ್ಷ ಮೊದಲು, ಗಿರಣಿ ಮಾಲೀಕ ಕಸ್ತೂರಭಾಯಿ ಲಾಲಭಾಯಿ ಮನೆತನದ ದಾನದಿಂದ ಅಹಮದಾಬಾದಿನಲ್ಲಿ ಎಲ್.ಡಿ. ಎಂಜಿನಿಯರಿಂಗ್ ಕಾಲೇಜು ಆರಂಭವಾಗಿತ್ತು. ಸೂರತ್‌ನ ಪ್ರಾದೇಶಿಕ ಕಾಲೇಜು 1961ರಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಶಾಖೆಗಳೊಂದಿಗೆ ಬಂತು. ಎಲೆಕ್ಟ್ರಾನಿಕ್ಸ್ ಅಲ್ಲಿ ಪ್ರತ್ಯೇಕ ಶಾಖೆಯಾದದ್ದು ತಡವಾಗಿ.

ಆದರೆ ಅಹಮದಾಬಾದಿನಲ್ಲಿ ಎಲೆಕ್ಟ್ರಾನಿಕ್ಸ್ ಬೇರೂರಲು ಕಾಲೇಜಿಗಿಂತ ಹೆಚ್ಚಾಗಿ ಪ್ರಯೋಗಾಲಯವೇ ಕಾರಣವಾಯಿತು ಎನ್ನಬೇಕು. ಎರಡನೆಯ ಮಹಾಯುದ್ಧದಿಂದಾಗಿ ಕೇಂಬ್ರಿಜ್‌ನಿಂದ ಮರಳಿದ ವಿಕ್ರಮ್ ಸಾರಾಭಾಯಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಕಾಸ್ಮಿಕ್ ಕಿರಣಗಳ ಅಧ್ಯಯನಕ್ಕೆ ತೊಡಗಿದ್ದರು; ಅದೇ ಆಸಕ್ತಿ 1947ರ ನವೆಂಬರಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯದ ರೂಪದಲ್ಲಿ ಅವರ ಹುಟ್ಟೂರಿನಲ್ಲಿ ನೆಲೆ ಕಂಡಿತು. ಬಾಹ್ಯಾಕಾಶದಿಂದ ಬರುವ ಕಣವೊಂದು ಒಂದರ ಮೇಲೊಂದಿಟ್ಟ ಗೈಗರ್ ಕೌಂಟರ್‌ಗಳನ್ನು ಒಟ್ಟಿಗೆ ಹಾದುಹೋಯಿತೇ ಎಂದು ತಿಳಿಯಲು ಭೌತವಿಜ್ಞಾನಿಗಳು ಬಳಸುತ್ತಿದ್ದುದು ಕಾಕತಾಳ ಸರ್ಕಿಟ್ ಎಂಬ ಜೋಡಣೆಯನ್ನು. 1930ರಲ್ಲಿ ಬ್ರೂನೋ ರೊಸ್ಸಿ ರೂಪಿಸಿದ ಈ ಜೋಡಣೆಯಲ್ಲಿ ಹಲವು ವಾಲ್ವ್‌ಗಳ, ಅಂದರೆ ನಿರ್ವಾತ ಕೊಳವೆಗಳ, ಪ್ಲೇಟುಗಳು ಒಂದೇ ರೋಧಕಕ್ಕೆ ಸೇರಿರುತ್ತವೆ. ಒಂದು ವಾಲ್ವ್ ವಿದ್ಯುತ್ತನ್ನು ಹರಿಸುತ್ತಿದ್ದರೂ ಪ್ಲೇಟಿನ ವೋಲ್ಟೇಜ್ ಕೆಳಗೇ ಉಳಿಯುತ್ತದೆ, ಎಲ್ಲವೂ ಏಕಕಾಲಕ್ಕೆ ಮುಚ್ಚಿಕೊಂಡಾಗ ಮಾತ್ರ ಮೇಲೇರುತ್ತದೆ. ಇಂದಿನ ವಿದ್ಯಾರ್ಥಿ ಆ್ಯಂಡ್ ಗೇಟ್ ಎಂದು ಕಲಿಯುವುದು ಇದೇ ತರ್ಕವನ್ನು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅಹಮದಾಬಾದಿಗೆ ಬಂದು ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿ 1960ರಲ್ಲಿ ಗುಜರಾತ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಹದಿನೈದು ವರ್ಷಗಳ ನಂತರ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಉಪಗ್ರಹವನ್ನು ಕಟ್ಟಿದ ತಂಡದ ಮುಂದಾಳು ಅವರೇ.

ಪ್ರಯೋಗಾಲಯ ಹುಟ್ಟಿದ ಕಾಲದ ತರಗತಿಯ ಪಾಠ ವಾಲ್ವಿನದು. ಟ್ರಯೋಡ್ ಎಂಬ ವಾಲ್ವಿನ ಪ್ಲೇಟಿಗೆ ಇನ್ನೂರೈವತ್ತು ವೋಲ್ಟ್‌ನಷ್ಟು ಒತ್ತಡ ಬೇಕಿದ್ದುದರಿಂದ ಮೇಜಿನ ಮೇಲಿನ ಪ್ರಯೋಗವೇ ಅಪಾಯಕಾರಿಯಾಗಿತ್ತು. ವಾಲ್ವಿನ ಗುಣರೇಖೆಗಳ ಮೇಲೆ ಲೋಡ್ ರೋಧಕವನ್ನು ಸೂಚಿಸುವ ಓರೆಗೆರೆಯೊಂದನ್ನು ಎಳೆದು, ಸಂಕೇತವಿಲ್ಲದಾಗ ಸಾಧನ ಎಲ್ಲಿ ನಿಲ್ಲಬೇಕೆಂದು ಆ ಗೆರೆಯ ಮೇಲೆ ಗುರುತಿಸುವ ಕ್ರಮ, ಅಂದರೆ ಲೋಡ್ ಲೈನ್ ಮತ್ತು ಬಯಾಸ್, ವಾಲ್ವ್ ಯುಗದಲ್ಲೇ ಪಕ್ಕಾ ಆಗಿತ್ತು. ಫೀಡ್‌ಬ್ಯಾಕ್ ಕೂಡ ಹಾಗೆಯೇ. ಟೆಲಿಫೋನ್ ತಂತಿಗಳಿಗಾಗಿ 1927ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಕಂಡುಕೊಂಡ ಉಪಾಯವೆಂದರೆ, ಹೊರಬಂದ ಸಂಕೇತದ ಒಂದಂಶವನ್ನು ಒಳಬರುವ ಸಂಕೇತದಿಂದ ಕಳೆಯುವುದು. ಹತ್ತು ಸಾವಿರ ಪಟ್ಟು ವರ್ಧಿಸುವ ಆಂಪ್ಲಿಫೈಯರಿಗೆ ನೂರರಲ್ಲೊಂದು ಅಂಶವನ್ನು ಹೀಗೆ ಮರಳಿಸಿದರೆ ವರ್ಧನೆ ಸುಮಾರು 99ಕ್ಕೆ ಇಳಿಯುತ್ತದೆ. ಆದರೆ ಸಾಧನದ ಶಕ್ತಿ ಅರ್ಧಕ್ಕೆ ಕುಸಿದರೂ ಅದು ಸುಮಾರು 98ರಲ್ಲೇ ನಿಲ್ಲುತ್ತದೆ.

ಭೌತ ಸಂಶೋಧನಾ ಪ್ರಯೋಗಾಲಯ ಆರಂಭವಾದ ಮರುತಿಂಗಳೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಆದರೆ ಭಾರತದ ಪ್ರಯೋಗಶಾಲೆಗಳಿಗೆ ಅದು ದೇಶೀಯ ವಸ್ತುವಾಗಿ ದಕ್ಕಲು ಕಾಯಬೇಕಾಯಿತು: 1954ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ನೆಲೆನಿಂತ ಭಾರತ್ ಎಲೆಕ್ಟ್ರಾನಿಕ್ಸ್, ರೇಡಿಯೋ ವಾಲ್ವ್‌ಗಳನ್ನು 1961ರಲ್ಲಿ, ಜರ್ಮೇನಿಯಂ ಸಾಧನಗಳನ್ನು 1962ರಲ್ಲಿ, ಸಿಲಿಕಾನ್ ಸಾಧನಗಳನ್ನು 1967ರಲ್ಲಿ ತಯಾರಿಸತೊಡಗಿತು. ಕರ್ನಾಟಕದ ಕಾಲೇಜುಗಳ ಲ್ಯಾಬ್‌ಗಳಲ್ಲಿ ತಲೆಮಾರುಗಳು ಬಳಸಿದ ಎಸ್‌ಎಲ್ 100 ಟ್ರಾನ್ಸಿಸ್ಟರ್ ಈ ದೇಶೀಯ ತಯಾರಿಕೆಯ ಪರಂಪರೆಗೆ ಸೇರಿದ್ದು.

ಜರ್ಮೇನಿಯಂ ಸಾಧನದಲ್ಲಿ ಸೋರುವ ವಿದ್ಯುತ್ತು ಪ್ರತಿ ಹತ್ತು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೊರನಾಡಿನ ಪುಸ್ತಕಗಳು 25 ಡಿಗ್ರಿಯನ್ನು ಕೋಣೆಯ ತಾಪಮಾನವೆಂದು ಹಿಡಿದು ಲೆಕ್ಕ ಮಾಡುತ್ತಿದ್ದವು. ಅಹಮದಾಬಾದಿನ ಮೇ ತಿಂಗಳಲ್ಲಿ ಪಾದರಸ 45ರ ಹತ್ತಿರ ನಿಂತಾಗ ಅದೇ ಸೋರಿಕೆ ನಾಲ್ಕು ಪಟ್ಟಾಗುತ್ತದೆ, ಸೋರಿಕೆ ಸಾಧನವನ್ನು ಬಿಸಿ ಮಾಡುತ್ತದೆ, ಬಿಸಿ ಸೋರಿಕೆಯನ್ನು ಹೆಚ್ಚಿಸುತ್ತದೆ. ಎಮಿಟರ್‌ಗೆ ರೋಧಕವೊಂದನ್ನು ಸೇರಿಸಿ ಈ ಓಟಕ್ಕೆ ಕಡಿವಾಣ ಹಾಕುವ ಬಯಾಸ್ ಸ್ಥಿರತೆಯ ಅಧ್ಯಾಯ, ತಣ್ಣನೆಯ ದೇಶದಲ್ಲಿ ಬೀಜಗಣಿತದ ಕಸರತ್ತಾಗಿ ಕಂಡರೂ, ಗುಜರಾತಿನಲ್ಲಿ ನಿತ್ಯದ ಅಗತ್ಯವಾಗಿತ್ತು.

ಈ ವಿದ್ಯೆಯ ದೊಡ್ಡ ಪರೀಕ್ಷೆ ನಡೆದದ್ದು ತರಗತಿಯ ಹೊರಗೆ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗದಲ್ಲಿ ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ಕಾರ್ಯಕ್ರಮಗಳು ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ತಲುಪಿದವು. ಅವುಗಳಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದು, ಅಲ್ಲಿ ಕೇಳಿದ್ದು ಕನ್ನಡ. ಸುಮಾರು ಮೂರು ಮೀಟರ್ ಅಗಲದ ತಂತಿಬಲೆಯ ಆಂಟೆನಾ ಹಿಡಿದ ಕ್ಷೀಣ ಸಂಕೇತವನ್ನು ವರ್ಧಿಸಿ, ಟಿವಿಗೆ ಒಪ್ಪುವ ರೂಪಕ್ಕೆ ತರುವ ಸರ್ಕಿಟ್‌ಗಳು ರಾಯಚೂರಿನ ಬಿಸಿಲಲ್ಲೂ ಧೂಳಲ್ಲೂ ಕೆಟ್ಟು ನಿಲ್ಲದಂತಿರಬೇಕಿತ್ತು. ಬಯಾಸ್, ಬಹುಹಂತ, ಫಿಲ್ಟರ್ ಎಂಬ ಪಾಠದ ಅಧ್ಯಾಯಗಳೆಲ್ಲ ಒಂದೇ ಪೆಟ್ಟಿಗೆಯಲ್ಲಿ ಸೇರಿದ್ದವು.

ಅಷ್ಟರಲ್ಲಿ ಪಾಠದ ಸ್ವರೂಪ ಮತ್ತೆ ಬದಲಾಗತೊಡಗಿತ್ತು. 1968ರಲ್ಲಿ ಬಂದ 741 ಎಂಬ ಆಪರೇಷನಲ್ ಆಂಪ್ಲಿಫೈಯರ್ ಇಪ್ಪತ್ತಕ್ಕೂ ಹೆಚ್ಚು ಟ್ರಾನ್ಸಿಸ್ಟರ್‌ಗಳನ್ನು ಒಂದೇ ಚಿಪ್ಪಿನಲ್ಲಿ, ಅಂದರೆ ಐಸಿಯಲ್ಲಿ, ಅಡಗಿಸಿಕೊಂಡಿತ್ತು. ಹೊರಗೆ ಎರಡು ರೋಧಕಗಳನ್ನು ಜೋಡಿಸಿದರೆ ವರ್ಧನೆ ನಿಗದಿಯಾಗುತ್ತಿತ್ತು. ಮಿಲ್‌ಮನ್ ಮತ್ತು ಹಾಲ್ಕಿಯಸ್ 1967ರಲ್ಲಿ ಬರೆದ ಸಾಧನ-ಸರ್ಕಿಟ್‌ಗಳ ಪುಸ್ತಕದ ಜಾಗಕ್ಕೆ 1972ರಲ್ಲಿ ಅವರದೇ ಇಂಟಿಗ್ರೇಟೆಡ್ ಎಲೆಕ್ಟ್ರಾನಿಕ್ಸ್ ಬಂದದ್ದು ಈ ತಿರುವಿನ ಸ್ಪಷ್ಟ ಗುರುತು. ವಿದ್ಯಾರ್ಥಿಯ ಕೆಲಸ ಹಗುರವಾಯಿತು, ಆದರೆ ಚಿಪ್ಪಿನೊಳಗೆ ಏನಾಗುತ್ತಿದೆ ಎಂಬ ಕುತೂಹಲವೂ ಅಷ್ಟೇ ಹಗುರವಾಯಿತು ಎಂಬ ದೂರನ್ನು ತಳ್ಳಿಹಾಕುವಂತಿಲ್ಲ. 1973ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಸ್ಪೈಸ್ ತಂತ್ರಾಂಶದ ಸಂತತಿಯೇ ಇಂದು ಬ್ರೆಡ್‌ಬೋರ್ಡ್‌ಗಿಂತ ಮೊದಲು ಸರ್ಕಿಟ್ಟನ್ನು ಪರೀಕ್ಷಿಸುತ್ತದೆ. ಬೇರೆ ಸೂಚನೆ ಇಲ್ಲದಿದ್ದರೆ ಅದು ಹಿಡಿಯುವ ತಾಪಮಾನ 27 ಡಿಗ್ರಿ. ಅಹಮದಾಬಾದಿನ ಬೇಸಿಗೆಗೆ ಬೇಕಾದ ಅಂಕಿಯನ್ನು ವಿದ್ಯಾರ್ಥಿಯೇ ಬರೆದು ಸೇರಿಸಬೇಕು.