ಹೊಸ ಪಿಯಾನೊ, ಹಳೆ ಪಿಯಾನೊ: ಬಿರಡೆ ಹಿಡಿದೀತೆ?

ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ನಾಟಕ ನೋಡಿದವರಿಗೆ ಕಾಲು ಹಾರ್ಮೋನಿಯಂ ಪರಿಚಿತ. ರಂಗದ ಮುಂದೆ ಕುಳಿತ ಮೇಷ್ಟ್ರು ಕಾಲಿನಿಂದ ತಿದಿ ಒತ್ತುತ್ತ ಎರಡೂ ಕೈಗಳಿಂದ ನುಡಿಸುತ್ತಾರೆ. ಅದರಂತೆಯೇ ಕಪ್ಪು-ಬಿಳಿ ಕೀಗಳುಳ್ಳ ಪಿಯಾನೊ ಮಾತ್ರ ಈ ಊರುಗಳಲ್ಲಿ ಅಪರೂಪ. ಎರಡೂ ಯುರೋಪಿನಲ್ಲಿ ಹುಟ್ಟಿದ ವಾದ್ಯಗಳೇ. ಹಾರ್ಮೋನಿಯಂ ಹಳ್ಳಿಹಳ್ಳಿಗೂ ಬಂತು. ಪಿಯಾನೊ ಮೈಸೂರಿನ ಅರಮನೆ, ಬೆಂಗಳೂರಿನ ದಂಡು ಪ್ರದೇಶಗಳಲ್ಲೇ ಹೆಚ್ಚಾಗಿ ಉಳಿಯಿತು. ಹೀಗೇಕೆ?

ಬೆಲೆ ಮತ್ತು ತೂಕ ಎರಡು ಕಾರಣಗಳು. ಮೂರನೆಯದು ವಾದ್ಯದ ಒಡಲಲ್ಲೇ ಇದೆ. ಅದನ್ನು ತಿಳಿಯುವುದು ಇಂದಿಗೂ ಉಪಯುಕ್ತ. ಚಿಕ್ಕಂದಿನಲ್ಲಿ ಪಿಯಾನೊ ಕಲಿತು, ಉದ್ಯೋಗ-ಸಂಸಾರದ ನಡುವೆ ಬಿಟ್ಟು, ನಿವೃತ್ತಿಯ ಬಳಿಕ ಚಿತ್ರದುರ್ಗದಲ್ಲಿ ನೆಲೆಸಿದವರೊಬ್ಬರು ಮತ್ತೆ ನುಡಿಸಬಯಸಿದರೆನ್ನಿ. ಹೊಸತನ್ನು ಕೊಳ್ಳಬೇಕೆ, ಹಳೆಯದನ್ನೆ? ಆಯ್ಕೆ ತಪ್ಪಿದರೆ ಕೂಡಿಟ್ಟ ಹಣವಷ್ಟೇ ಹೋಗುವುದಿಲ್ಲ. ಶ್ರುತಿಗೆಟ್ಟ ವಾದ್ಯದ ಮುಂದೆ ಕುಳಿತವರು ತಮ್ಮ ಕೈಯೇ ಕೆಟ್ಟಿತೆಂದು ತಿಳಿದು ಎರಡನೆಯ ಸಲ, ಬಹುಶಃ ಶಾಶ್ವತವಾಗಿ, ಬಿಟ್ಟುಬಿಡುತ್ತಾರೆ.

ಮರದಿಂದ ಕಬ್ಬಿಣಕ್ಕೆ

ಕೀ ಒತ್ತಿದಾಗ ಸುತ್ತಿಗೆ ತಂತಿಯನ್ನು ಬಡಿದು ಹಿಂದೆ ಸರಿಯುವ ವಾದ್ಯವನ್ನು 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ರಚಿಸಿದವನು ಬಾರ್ತೊಲೊಮಿಯೊ ಕ್ರಿಸ್ಟೊಫೊರಿ. ಅವನ ಮೂರು ಪಿಯಾನೊಗಳು ಈಗಲೂ ಉಳಿದಿವೆ. ತಂತಿಗಳನ್ನು ನಿಲ್ಲಿಸಿ ಕಟ್ಟಿದ ಅಪ್‌ರೈಟ್ ಪಿಯಾನೊಗಳನ್ನು 1800ರಲ್ಲಿ ಫಿಲಡೆಲ್ಫಿಯಾದ ಹಾಕಿನ್ಸ್ ಮತ್ತು ಅದೇ ಸುಮಾರಿಗೆ ವಿಯೆನ್ನಾದ ಮುಲ್ಲರ್ ತಯಾರಿಸಿದರು. ಸಣ್ಣ ಕೋಣೆಯ ಗೋಡೆಗೆ ಒರಗಿಸಿ ಇಡಬಹುದಾದ್ದರಿಂದ ಅದು ಮಧ್ಯಮ ವರ್ಗದ ಮನೆಗಳನ್ನು ಸೇರಿತು.

ನಾದ ದೊಡ್ಡದಾಗಲು ತಂತಿ ದಪ್ಪವಾಗಬೇಕು, ಬಿಗಿತ ಹೆಚ್ಚಬೇಕು. ಮರದ ಚೌಕಟ್ಟು ಅದನ್ನು ತಾಳದು. 1825ರಲ್ಲಿ ಬಾಸ್ಟನ್ನಿನ ಆಲ್ಫಿಯಸ್ ಬ್ಯಾಬ್‌ಕಾಕ್ ಇಡಿಯಾಗಿ ಎರಕ ಹೊಯ್ದ ಕಬ್ಬಿಣದ ಚೌಕಟ್ಟಿಗೆ ಪೇಟೆಂಟ್ ಪಡೆದ. ಇಂದಿನ ಪಿಯಾನೊದಲ್ಲಿ 88 ಕೀಗಳು, ಸುಮಾರು 230 ತಂತಿಗಳು. ಅವುಗಳ ಒಟ್ಟು ಎಳೆತ ಸುಮಾರು 18 ಟನ್. ಬಹುಭಾಗವನ್ನು ಕಬ್ಬಿಣ ಹೊರುತ್ತದೆ. ಆದರೆ ಶ್ರುತಿ ಹಿಡಿದಿಡುವ ಕೆಲಸ ಈಗಲೂ ಮರದ್ದೇ. ವೀಣೆಗೆ ಬಿರಡೆ ಇರುವಂತೆ ಇಲ್ಲಿ ಒಂದೊಂದು ತಂತಿಗೂ ಉಕ್ಕಿನ ಬಿರಡೆಯಿದೆ. ಗಟ್ಟಿಮರದ ಪದರಗಳನ್ನು ಅಂಟಿಸಿದ ಹಲಗೆಯ ರಂಧ್ರಗಳಲ್ಲಿ ಈ ಬಿರಡೆಗಳು ಕೇವಲ ಘರ್ಷಣೆಯಿಂದ ನಿಂತಿವೆ.

ಅರಮನೆಯ ವಾದ್ಯ

ಮೈಸೂರಿನಲ್ಲಿ ವೀಣೆ ಶೇಷಣ್ಣನವರು ಪಿಯಾನೊವನ್ನೂ ಬಲ್ಲವರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ನುಡಿಸುತ್ತಿದ್ದ ವಾದ್ಯಗಳಲ್ಲಿ ಅದೂ ಒಂದು. ಜಯಚಾಮರಾಜ ಒಡೆಯರು ಕಛೇರಿ ಕೊಡುವ ಪಿಯಾನೊ ವಾದಕರಾಗಬಯಸಿದ್ದರು. 1940ರಲ್ಲಿ ಪಟ್ಟಕ್ಕೆ ಬಂದದ್ದರಿಂದ ಆ ಹಾದಿ ಮುಚ್ಚಿತು. ಆದರೂ ಅವರು ಸಂಗೀತವನ್ನು ಬಿಡಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಪದವಿ ಪಡೆದರು. ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ.

ವಾದ್ಯಗಳನ್ನು ನೋಡಿಕೊಳ್ಳುವವರನ್ನು ಇಟ್ಟುಕೊಳ್ಳುವ ಶಕ್ತಿ ಅರಮನೆಗಿತ್ತು. ಊರೂರು ಅಲೆಯುವ ನಾಟಕ ಕಂಪನಿಗೆ ಅದು ಸಾಧ್ಯವೆ? 1842ರಲ್ಲಿ ಪ್ಯಾರಿಸ್ಸಿನ ಡೆಬಾನ್ ಪೇಟೆಂಟ್ ಪಡೆದ ಹಾರ್ಮೋನಿಯಂನಲ್ಲಿ ಸ್ವರವನ್ನು ನಿರ್ಧರಿಸುವುದು ಲೋಹದ ರೀಡಿನ ಉದ್ದ, ದಪ್ಪ. ಬಿಸಿಲಿಗೂ ಮಳೆಗೂ ಅದು ಅಷ್ಟಾಗಿ ಜಗ್ಗದು. ಹಳ್ಳಿಗಾಡು ಹಾರ್ಮೋನಿಯಂ ಅನ್ನು ಒಪ್ಪಿಕೊಂಡದ್ದರ ಹಿಂದೆ ಈ ಗುಣವೂ ಇದೆ.

ಮರ ಮತ್ತು ನೀರು

ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಸಾಪೇಕ್ಷ ಆರ್ದ್ರತೆ ಶೇ. 80ರಷ್ಟಿದ್ದರೆ ಮರದ ತೇವಾಂಶ ಕಾಲಕ್ರಮೇಣ ಸುಮಾರು ಶೇ. 16ಕ್ಕೆ ಏರುತ್ತದೆ, ಆರ್ದ್ರತೆ ಶೇ. 30ಕ್ಕಿಳಿದರೆ ಸುಮಾರು ಶೇ. 6ಕ್ಕೆ ಇಳಿಯುತ್ತದೆ. ತೇವದಲ್ಲಿ ನಾದಫಲಕ ಉಬ್ಬಿ ತಂತಿಯನ್ನು ಒತ್ತುವುದರಿಂದ ಶ್ರುತಿ ಏರುತ್ತದೆ. ಒಣಗಿದಾಗ ಶ್ರುತಿ ಇಳಿಯುತ್ತದೆ, ಫಲಕ ಬಿರುಕು ಬಿಡಬಹುದು, ಬಿರಡೆಯ ರಂಧ್ರ ಸಡಿಲವಾಗಬಹುದು.

ಚಿತ್ರದುರ್ಗ ರಾಜ್ಯದ ಒಣ ಜಿಲ್ಲೆಗಳಲ್ಲೊಂದು. ಅಡಿಕೆ ತೋಟಗಳ ಹೊಳಲ್ಕೆರೆಗಿಂತ ಹಿರಿಯೂರು ಇನ್ನೂ ಒಣ. ಸಮುದ್ರತೀರದ ಊರಿನಲ್ಲಿ ಮೂವತ್ತು ವರ್ಷ ತೇವ ಉಂಡ ಪಿಯಾನೊ ಹಿರಿಯೂರಿನ ಬೇಸಿಗೆಯಲ್ಲಿ ಒಣಗುವಾಗ ಏನಾದೀತೆಂಬುದನ್ನು ಊಹಿಸಿಕೊಳ್ಳಬಹುದು. ಆದ್ದರಿಂದ ಹಳೆಯದನ್ನು ಕೊಳ್ಳುವಾಗ ಮೊದಲ ಪ್ರಶ್ನೆ “ಎಷ್ಟು ವರ್ಷದ್ದು?” ಎಂಬುದಲ್ಲ, “ಇಷ್ಟು ವರ್ಷ ಎಲ್ಲಿತ್ತು?” ಎಂಬುದು.

ಒಂದು ಸಣ್ಣ ಲೆಕ್ಕ

ಮಧ್ಯ ಸಪ್ತಕದ ‘ಎ’ ಸ್ವರದ ಆವೃತ್ತಿ ಸೆಕೆಂಡಿಗೆ 440 ಎಂದು 1939ರ ಲಂಡನ್ ಸಮ್ಮೇಳನ ಗೊತ್ತುಪಡಿಸಿತು. ಶ್ರುತಿಕವೆಯಿಂದಲೋ ಮೊಬೈಲಿನಿಂದಲೋ ಅಳೆಯಿರಿ. 415ಕ್ಕೆ ಇಳಿದಿದ್ದರೆ ಪಿಯಾನೊ ಒಂದು ಪೂರ್ತಿ ಸ್ವರಸ್ಥಾನ ಇಳಿದಂತೆ. ಆವೃತ್ತಿಯು ಬಿಗಿತದ ವರ್ಗಮೂಲವನ್ನು ಅನುಸರಿಸುವುದರಿಂದ, ಎಲ್ಲ ತಂತಿಗಳೂ ಹೀಗೆ ಇಳಿದಿದ್ದರೆ 18 ಟನ್ನಿನ ಎಳೆತ 16ಕ್ಕೆ ಬಂದಿರುತ್ತದೆ. ಸರಿಪಡಿಸಲು 2 ಟನ್ ಮತ್ತೆ ಹೇರಬೇಕು. ತುಕ್ಕು ಹಿಡಿದ ತಂತಿ ತುಂಡಾಗಬಹುದು. ಸಡಿಲ ಬಿರಡೆ ವಾರದಲ್ಲೇ ಜಾರಬಹುದು. ಕೆತ್ತನೆಯ ಮುಂಭಾಗ, ದಂತದ ಕೀ, ಹೊಸ ಮೆರುಗು ಯಾವುವೂ ಇದನ್ನು ಹೇಳವು.

ಹಾಗಾದರೆ ಯಾವುದು?

ಹೊಸ ಪಿಯಾನೊದ ಬಿರಡೆಗಳು ಬಿಗಿಯಾಗಿರುತ್ತವೆ. ತಯಾರಕರ ಖಾತರಿಯೂ ಉಂಟು. ಆದರೆ ಹೊಸ ತಂತಿ ಹಿಗ್ಗುವುದರಿಂದ ಮೊದಲ ವರ್ಷ ಮೂರು-ನಾಲ್ಕು ಸಲ ಶ್ರುತಿ ಮಾಡಿಸಬೇಕು. ಬೆಂಗಳೂರಿನಿಂದ ಸುಮಾರು 200 ಕಿ.ಮೀ. ದೂರ ಶ್ರುತಿಗಾರರನ್ನು ಕರೆಸುವ ವೆಚ್ಚವನ್ನು ಬೆಲೆಗೆ ಸೇರಿಸಿಯೇ ಯೋಚಿಸಬೇಕು. ನಮ್ಮ ಬೇಸಿಗೆಯನ್ನು ಅದು ಇನ್ನೂ ಕಂಡಿಲ್ಲವೆಂಬುದನ್ನೂ ಮರೆಯಬಾರದು.

ಮರದ ಚೌಕಟ್ಟಿನ, ನೂರು ವರ್ಷ ದಾಟಿದ ಪಿಯಾನೊ ನೋಡಲು ಚೆನ್ನ. ಮರಳಿ ಕಲಿಯುವವರಿಗೆ ಅದು ಹೊರೆ. ಕಬ್ಬಿಣದ ಪೂರ್ಣ ಚೌಕಟ್ಟಿರುವ, ಇಪ್ಪತ್ತು-ಮೂವತ್ತು ವರ್ಷದ, ಒಳನಾಡಿನಲ್ಲೇ ಹಲವು ಬೇಸಿಗೆ ಕಳೆದ, 440ರ ಆಸುಪಾಸಿನಲ್ಲಿ ನಿಂತಿರುವ ಪಿಯಾನೊ ದೊರೆತರೆ ಹಿಂಜರಿಯಬೇಕಿಲ್ಲ. ಅದು ಪರೀಕ್ಷೆ ಮುಗಿಸಿದ ವಾದ್ಯ. ಆದರೂ ಹಣ ಕೊಡುವ ಮುನ್ನ ಶ್ರುತಿಗಾರರಿಂದ ಬಿರಡೆಗಳ ಬಿಗಿ ನೋಡಿಸಿ. ಫೆಲ್ಟಿಗೆ ನುಸಿ, ಮರಕ್ಕೆ ಗೆದ್ದಲು ತಗುಲಿದೆಯೇ ಎಂದು ಹಿಂಬದಿಯನ್ನೂ ಕೆಳಗಿನ ಹಲಗೆಯನ್ನೂ ತೆಗೆಸಿ ನೋಡಿ. ಇಂಥದ್ದು ಸಿಗದಿದ್ದರೆ ಹೊಸತೇ ಲೇಸು.

ಮನೆಗೆ ತಂದ ಮೇಲೆ ಬಿಸಿಲು ಬೀಳುವ ಕಿಟಕಿಯಿಂದ ದೂರವಿಡಿ. ಕೋಣೆಯಲ್ಲೊಂದು ಆರ್ದ್ರತಾಮಾಪಕವಿರಲಿ, ಶೇ. 40ರಿಂದ 60ರ ನಡುವೆ ನಿಂತರೆ ಒಳ್ಳೆಯದು. ಬಂದ ಕೂಡಲೆ ಶ್ರುತಿ ಮಾಡಿಸದೆ ಎರಡು-ಮೂರು ವಾರ ಊರಿನ ಗಾಳಿಗೆ ಹೊಂದಿಕೊಳ್ಳಲು ಬಿಡಿ. ವರ್ಷಗಳ ಬಳಿಕ ಮರಳಿದ ಬೆರಳುಗಳಿಗೆ ಬೇಕಾದಂತೆ, ವಾದ್ಯಕ್ಕೂ ಅಷ್ಟು ಸಮಯ ಬೇಕು.