ಇಂಗ್ಲಿಷ್ ತರಗತಿಯಲ್ಲಿ ಅಧ್ಯಾಪಕರ ಸಂಕೇತಪಲ್ಲಟ: ಅರಸೀಕೆರೆ, ಬೇಲೂರು, ಹಳೇಬೀಡುಗಳಲ್ಲಿ ಅಧ್ಯಯನದ ವಿಧಾನ

ಇಂಗ್ಲಿಷ್ ಪಾಠವನ್ನು ಹೇಳುತ್ತಿರುವ ಅಧ್ಯಾಪಕರು ನಡುನಡುವೆ ಕನ್ನಡಕ್ಕೆ ತಿರುಗಿ ಮತ್ತೆ ಇಂಗ್ಲಿಷಿಗೆ ಮರಳುವ ವ್ಯಾಪಾರವನ್ನು ಭಾಷಾವಿಜ್ಞಾನಿಗಳು ಕೋಡ್ ಸ್ವಿಚಿಂಗ್ ಅಥವಾ ಸಂಕೇತಪಲ್ಲಟವೆಂದು ಕರೆಯುವರು. ಇದನ್ನು ಪರಿಶೀಲಿಸಹೊರಟವರು ಬಹುಮಟ್ಟಿಗೆ ಮೊದಲು ಕೇಳುವ ಪ್ರಶ್ನೆ, ಒಂದು ಪಾಠದಲ್ಲಿ ಯಾವ ಭಾಷೆಯ ಪಾಲು ಎಷ್ಟು ಎಂಬುದು. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳಂಥ ಊರುಗಳ ಶಾಲೆಗಳಲ್ಲಿ ಈ ಪ್ರಶ್ನೆಯಿಂದ ಆರಂಭಿಸುವುದು ಯುಕ್ತವಲ್ಲವೆಂದೂ, ಪಲ್ಲಟವು ಯಾವ ವಿದ್ಯಾರ್ಥಿಯನ್ನು ಉದ್ದೇಶಿಸಿ, ಪಾಠದ ಯಾವ ಘಟ್ಟದಲ್ಲಿ ಸಂಭವಿಸಿತೆಂಬುದು ನಿಶ್ಚಯವಾದ ಮೇಲಲ್ಲದೆ ಎಣಿಕೆಗೆ ಅರ್ಥ ಬಾರದೆಂದೂ ಪ್ರತಿಪಾದಿಸಬಯಸುತ್ತೇನೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷು ಒಂದನೆಯ ತರಗತಿಯಿಂದಲೇ ಒಂದು ವಿಷಯವಾಗಿ ಬಂದದ್ದು 2007-08ನೆಯ ಶೈಕ್ಷಣಿಕ ವರ್ಷದಲ್ಲಿ. ಗ್ರಾಮಾಂತರದ ಕಿರಿಯ ಶಾಲೆಗಳಲ್ಲಿ ಗಣಿತವನ್ನೂ ಪರಿಸರ ಅಧ್ಯಯನವನ್ನೂ ಕನ್ನಡದಲ್ಲಿ ಬೋಧಿಸುವ ಅಧ್ಯಾಪಕರೇ ಅನೇಕ ಕಡೆ ಇಂಗ್ಲಿಷನ್ನೂ ಬೋಧಿಸಬೇಕಾಯಿತು. ಮಕ್ಕಳ ಮನೆಮಾತಾದರೋ ಒಂದೇ ಬಗೆಯದಲ್ಲ. ರೈಲ್ವೆ ಜಂಕ್ಷನ್ನಾಗಿ ಬೆಳೆದ ಅರಸೀಕೆರೆಯ ಪೇಟೆಯಲ್ಲಿ ಉರ್ದುವುಂಟು. ಅದೇ ತಾಲ್ಲೂಕಿನ ತಾಂಡಾಗಳಲ್ಲಿ ಲಂಬಾಣಿಯುಂಟು. ಬೇಲೂರಿನಿಂದ ಪಶ್ಚಿಮಕ್ಕೆ ಮಲೆನಾಡು ತೊಡಗುವಲ್ಲಿ, ಕಾಫಿತೋಟಗಳ ಲೈನ್‌ಮನೆಗಳಲ್ಲಿ ತಮಿಳೂ ಕೇಳಿಬರುತ್ತದೆ. ಇಂಥ ಮನೆಯ ಮಗುವಿಗೆ ಕನ್ನಡವೂ ಬೀದಿಯಲ್ಲಿ ಆಡಿ, ಶಾಲೆಯಲ್ಲಿ ಕುಳಿತು ಕಲಿತ ಭಾಷೆಯೇ. ಹೀಗಿರಲು, ಅಧ್ಯಾಪಕರು ಕನ್ನಡಕ್ಕೆ ತಿರುಗಿದುದನ್ನೆಲ್ಲ ಮಾತೃಭಾಷೆಯ ಬಳಕೆಯೆಂಬ ಒಂದೇ ತಲೆಬರಹದ ಕೆಳಗೆ ದಾಖಲಿಸುವ ಸಂಶೋಧಕನು, ಕಲಿಯುತ್ತಿರುವ ಎರಡು ಭಾಷೆಗಳ ನಡುವೆ ಸುಮ್ಮನೆ ಕುಳಿತಿರುವ ಆ ಮಗುವನ್ನು ಕಾಣದೆಯೇ ಹೋಗುವನು. ಆದುದರಿಂದ ಧ್ವನಿಮುದ್ರಣಕ್ಕೆ ಮುಂಚೆ ಆಗತಕ್ಕ ಕೆಲಸ ಮನೆಮಾತುಗಳ ಪಟ್ಟಿ. ಅದೂ ದಾಖಲಾತಿ ಪುಸ್ತಕದಿಂದ ನಕಲು ಮಾಡಿದ್ದಲ್ಲ, ಮಕ್ಕಳೊಡನೆಯೂ ಅವರ ತಾಯಿತಂದೆಯರೊಡನೆಯೂ ಮಾತಾಡಿ ತಯಾರಿಸಿದ್ದು.

ಈ ದಾರಿಯಲ್ಲಿ ನಮಗೆ ಪೂರ್ವಸೂರಿಗಳಿದ್ದಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನವು, ಸಾಂಗಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ವಾಕ್ಯರಚನೆಯಲ್ಲಿ ಪರಸ್ಪರ ಎಷ್ಟು ಸಮೀಪಿಸಿವೆಯೆಂಬುದನ್ನು ತೋರಿಸಿತು. ಮರುವರ್ಷ ಬ್ಲೋಮ್ ಅವರೊಡಗೂಡಿ ಬರೆದ ನಾರ್ವೆಯ ಊರೊಂದರ ಅಧ್ಯಯನದಲ್ಲಿ ಗಂಪರ್ಜ್, ಸನ್ನಿವೇಶವೇ ಬದಲಾದುದರಿಂದ ಆಗುವ ಪಲ್ಲಟವನ್ನೂ, ಸನ್ನಿವೇಶ ಹಾಗೆಯೇ ಇದ್ದು ಭಾವವಿಶೇಷಕ್ಕಾಗಿ ಆಗುವ ರೂಪಕಾತ್ಮಕ ಪಲ್ಲಟವನ್ನೂ ಬೇರ್ಪಡಿಸಿದರು. ಎಸ್. ಎನ್. ಶ್ರೀಧರ್ ಅವರು 1978ರಲ್ಲಿ ಕನ್ನಡದ ಸಂಕೇತಮಿಶ್ರಣವನ್ನೇ, ಅಂದರೆ ಒಂದೇ ವಾಕ್ಯದೊಳಗೆ ಬೇರೆ ಭಾಷೆಯ ಮಾತುಗಳನ್ನು ಬೆರೆಸುವುದನ್ನೇ, ವಿಷಯವಾಗಿಟ್ಟುಕೊಂಡು, ಅದು ನಿರ್ವಹಿಸುವ ಕಾರ್ಯಗಳನ್ನು ವಿವೇಚಿಸಿದರು.

ಎಣಿಕೆಯ ತೊಡಕು ತರಗತಿಯ ಅತಿ ಸಾಮಾನ್ಯವಾದ ಮಾತಿನಲ್ಲಿಯೇ ಎದುರಾಗುತ್ತದೆ. ‘ಎಲ್ಲರೂ ಬುಕ್ ಓಪನ್ ಮಾಡಿ, ಲೆಸನ್ನಲ್ಲಿ ಇರೋ ಡಿಫಿಕಲ್ಟ್ ವರ್ಡ್ಸ್‌ಗೆ ಅಂಡರ್‌ಲೈನ್ ಹಾಕಿ’ ಎಂಬಂಥ ವಾಕ್ಯವನ್ನು ತೆಗೆದುಕೊಳ್ಳೋಣ. ಹತ್ತು ಪದಗಳಲ್ಲಿ ಆರರ ಪ್ರಕೃತಿ ಇಂಗ್ಲಿಷು. ಆದರೆ ಕ್ರಿಯಾಪದಗಳೂ ವಿಭಕ್ತಿಪ್ರತ್ಯಯಗಳೂ ಪದಾನುಕ್ರಮವೂ ಕನ್ನಡ. ಪದಗಳನ್ನು ಎಣಿಸುವವನು ಇದನ್ನು ಹೆಚ್ಚುಪಾಲು ಇಂಗ್ಲಿಷೆನ್ನುವನು. ಕ್ಯಾರಲ್ ಮೈಯರ್ಸ್-ಸ್ಕಾಟನ್ 1993ರಲ್ಲಿ ಮಂಡಿಸಿದ, ವಾಕ್ಯದ ವ್ಯಾಕರಣಚೌಕಟ್ಟನ್ನು ಒದಗಿಸುವ ಭಾಷೆಯೇ ಅದರ ಆಧಾರವೆಂಬ ಆಧಾರಭಾಷೆಯ ಸಿದ್ಧಾಂತವನ್ನು ಅನುಸರಿಸುವವನು ಇದು ಕನ್ನಡ ವಾಕ್ಯವೇ ಸರಿಯೆನ್ನುವನು. ಅಲ್ಲದೆ ‘ಬುಕ್ಕು’ ಎಂಬುದು ಇಂಗ್ಲಿಷನ್ನು ಓದದ ಮನೆಗಳಲ್ಲಿಯೂ ನೆಲೆಯೂರಿದ ಮಾತು. ಅದನ್ನು ಪಲ್ಲಟವೆಂದು ಗಣಿಸಿದರೆ ಸಂತೆಯ ಮಾತೆಲ್ಲವೂ ಪಲ್ಲಟವಾದೀತು. ನನ್ನ ಅಭಿಪ್ರಾಯದಲ್ಲಿ ಪದಕ್ಕೆ ಬದಲಾಗಿ ಉಪವಾಕ್ಯವನ್ನು ಏಕಮಾನವಾಗಿ ಹಿಡಿದು, ನೆಲೆಯೂರಿದ ಎರವಲನ್ನೂ ವಾಕ್ಯದೊಳಗಿನ ಮಿಶ್ರಣವನ್ನೂ ಇಡೀ ವಾಕ್ಯದ ಪಲ್ಲಟವನ್ನೂ ಪ್ರತ್ಯೇಕವಾಗಿ ಗುರುತಿಸುವುದೇ ಲೇಸು. ತರಗತಿಯ ವೀಕ್ಷಣೆಗೆಂದು ನೆಡ್ ಫ್ಲಾಂಡರ್ಸ್ ರೂಪಿಸಿದ ಪ್ರಸಿದ್ಧ ಪದ್ಧತಿಯೂ ಈ ತೊಡಕನ್ನು ಬಿಡಿಸದು; ಅದರಲ್ಲಿ ವೀಕ್ಷಕನು ಮೂರು ಸೆಕೆಂಡುಗಳಿಗೊಮ್ಮೆ, ಹತ್ತು ವರ್ಗಗಳಲ್ಲಿ ಒಂದನ್ನು ಗುರುತು ಹಾಕುತ್ತಾ ಹೋಗುತ್ತಾನೆ. ನಲವತ್ತು ನಿಮಿಷದ ಪಾಠಕ್ಕೆ ಎಂಟುನೂರು ಗುರುತುಗಳಾಗುತ್ತವೆ. ಅಷ್ಟಾದರೂ ಮಾತು ಯಾವ ಭಾಷೆಯದೆಂಬುದಕ್ಕೆ ಆ ವರ್ಗಗಳಲ್ಲಿ ಸ್ಥಾನವಿಲ್ಲ.

ಇಲ್ಲಿ ಶಾಸನಶಾಸ್ತ್ರದ ಶಿಸ್ತು ನಮಗೆ ಉಪಕಾರಿಯಾಗಬಲ್ಲುದು. ಕನ್ನಡದ ಪ್ರಾಚೀನ ಶಾಸನವೆಂದು ಪ್ರಸಿದ್ಧವಾದ ಹಲ್ಮಿಡಿ ಶಾಸನದ ಊರು ಬೇಲೂರು ತಾಲ್ಲೂಕಿನದೇ, ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಸಂಪುಟದಲ್ಲಿ ಈ ಪ್ರಾಂತದ ಹೊಯ್ಸಳ ಶಾಸನಗಳು ತುಂಬಿವೆ. ಅವುಗಳಲ್ಲಿ ಅನೇಕವು ದೇವತಾಸ್ತುತಿಯನ್ನು ಸಂಸ್ಕೃತಶ್ಲೋಕದಲ್ಲಿ ಮಾಡಿ, ದತ್ತಿಯ ಭೂಮಿಯನ್ನೂ ಅದರ ಎಲ್ಲೆಗಳನ್ನೂ ಕನ್ನಡದಲ್ಲಿ ಹೇಳಿ, ದತ್ತಿಯನ್ನು ಕೆಡಿಸಿದವರಿಗೆ ಶಾಪವನ್ನು ಮತ್ತೆ ಸಂಸ್ಕೃತದಲ್ಲಿ ನುಡಿಯುತ್ತವೆ. ಸಾಲುಗಳನ್ನು ಎಣಿಸಿದವನಿಗೆ ಈ ಕಾರ್ಯವಿಭಾಗ ಕಾಣದು. ಆದ್ಯಂತ ಓದಿದವನಿಗೆ ಕಾಣುವುದು. ಹಾಗೆಯೇ ಪಾಠವೊಂದರ ಧ್ವನಿಮುದ್ರಣವನ್ನು ಆರಂಭದಿಂದ ಗಂಟೆ ಬಾರಿಸುವವರೆಗೆ, ವಿರಾಮಗಳನ್ನೂ ಮಕ್ಕಳ ಗುಂಪುತ್ತರಗಳನ್ನೂ ಬಿಡದೆ ಬರೆದುಕೊಳ್ಳಬೇಕು; ವರ್ಗೀಕರಣವು ಅನಂತರದ್ದು. ವ್ಯಾಕರಣದ ವಿವರಣೆ, ಗದ್ದಲ ಮಾಡುವವರಿಗೆ ಎಚ್ಚರಿಕೆ, ಹೆದರಿದ ಹುಡುಗಿಗೆ ಸಮಾಧಾನ, ಇವು ಮೂರೂ ಕನ್ನಡದಲ್ಲಿ ಬಂದರೂ ಒಂದೇ ಜಾತಿಯ ಪಲ್ಲಟಗಳಲ್ಲ.

ವೀಕ್ಷಕನ ಉಪಸ್ಥಿತಿಯೇ ಮಾತನ್ನು ಬದಲಿಸುವುದೆಂದು ಭಾಷಾವಿಜ್ಞಾನಿ ಲೇಬಾವ್ ಬಹು ಹಿಂದೆಯೇ ಹೇಳಿದ್ದಾರೆ. ನಮ್ಮ ಶಾಲೆಗಳಲ್ಲಿ ನೋಟ್‌ಬುಕ್ ಹಿಡಿದು ಹಿಂದೆ ಕುಳಿತವರನ್ನು ತಪಾಸಣೆಗೆ ಬಂದ ಅಧಿಕಾರಿಗಳೆಂದೇ ಭಾವಿಸುವುದು ಸಹಜ. ಇಂಗ್ಲಿಷ್ ಪಾಠದಲ್ಲಿ ಕನ್ನಡ ಬಳಸುವುದು ದೋಷವೆಂಬ ಅಳುಕುಳ್ಳ ಅಧ್ಯಾಪಕರು ಆ ದಿನ ಕನ್ನಡವನ್ನು ತಡೆಹಿಡಿಯುವರು. ಕೆಲವು ವಾರಗಳವರೆಗೆ ಏನನ್ನೂ ಧ್ವನಿಮುದ್ರಿಸದೆ ತರಗತಿಯಲ್ಲಿ ಕುಳಿತಿರುವುದಲ್ಲದೆ ಇದಕ್ಕೆ ಬೇರೆ ಪರಿಹಾರವನ್ನು ಕಾಣೆ. ಬೆಂಜಮಿನ್ ಬ್ಲೂಮ್ 1953ರಲ್ಲಿ ವಿವರಿಸಿದ ಸ್ಮರಣೋದ್ದೀಪನ ವಿಧಾನವು, ಅಂದರೆ ಧ್ವನಿಮುದ್ರಿತ ಪಾಠವನ್ನು ಕೇಳಿಸಿ ಆ ಗಳಿಗೆಯ ಆಲೋಚನೆಯನ್ನು ಹೇಳಿಸುವ ಕ್ರಮವು, ಅಧ್ಯಾಪಕರಿಗೇ ಅನ್ವಯಿಸಿದಾಗ ಇಲ್ಲಿ ಅತ್ಯಂತ ಫಲಪ್ರದವಾದೀತು. ಈ ಸಂಭಾಷಣೆ ಕನ್ನಡದಲ್ಲಿಯೇ, ಸಾಧ್ಯವಾದಷ್ಟು ಅದೇ ದಿನ ಸಂಜೆಯೇ ನಡೆಯತಕ್ಕದ್ದು. ದಿನಗಳು ಕಳೆದಂತೆ ನೆನಪು ಸಮರ್ಥನೆಯಾಗಿ ಮಾರ್ಪಡುತ್ತದೆ. ಅಧ್ಯಾಪಕರ ಹೆಸರನ್ನೂ ಶಾಲೆಯ ಹೆಸರನ್ನೂ ಬರೆಹದಿಂದ ತೆಗೆದುಹಾಕಿ, ಬರೆದುಕೊಂಡ ಪ್ರತಿಯನ್ನು ಅವರಿಗೇ ಮೊದಲು ಓದಲು ಕೊಟ್ಟು, ಅವರು ಬೇಡವೆಂದ ಭಾಗವನ್ನು ಕೈಬಿಡಬೇಕು. ಮೇಲಧಿಕಾರಿಗಳು ಕೇಳಿದರೂ ಮೂಲ ಧ್ವನಿಮುದ್ರಣವನ್ನು ಕೊಡಲಾಗದೆಂಬ ಮಾತನ್ನು ಒಪ್ಪಿಗೆಪತ್ರದಲ್ಲಿಯೇ ಸ್ಪಷ್ಟವಾಗಿ ಬರೆದಿರಬೇಕು.