ನಿಸ್ತಂತು ಕೀಲಿಮಣೆಯ ಪೂರ್ವೋತ್ತರ

ಗಣಕಯಂತ್ರಕ್ಕಾಗಲಿ ಟ್ಯಾಬ್ಲೆಟ್ಟಿಗಾಗಲಿ ಒಂದು ನಿಸ್ತಂತು ಕೀಲಿಮಣೆಯನ್ನು ಕೊಳ್ಳಬೇಕೆಂದು ಅಂಗಡಿಗೆ ಹೋದ ಕನ್ನಡಿಗರು ಸಾಮಾನ್ಯವಾಗಿ ಬೆಲೆಯನ್ನೂ ತೂಕವನ್ನೂ ಬ್ಯಾಟರಿಯ ಬಾಳಿಕೆಯನ್ನೂ ವಿಚಾರಿಸುವರು. ಅದರಿಂದ ಕನ್ನಡವನ್ನು ಬರೆಯುವ ಬಗೆ ಹೇಗೆಂದು ಕೇಳುವವರು ವಿರಳ; ಕೇಳಿದರೆ ಸಮಾಧಾನ ಹೇಳಬಲ್ಲ ವರ್ತಕರು ಇನ್ನೂ ವಿರಳ. ಕೀಲಿಗಳ ಮೇಲೆ ಇಂಗ್ಲಿಷ್ ಅಕ್ಷರಗಳೇ ಅಚ್ಚಾಗಿರುವುದನ್ನು ಕಂಡು, ಇದು ನಮ್ಮ ಭಾಷೆಗೆ ಒದಗತಕ್ಕ ವಸ್ತುವಲ್ಲವೆಂದು ಹಿಂದಿರುಗುವವರೂ ಉಂಟು. ಅಂಥವರು ನಾಲ್ಕಾರು ಪುಟಗಳ ಲೇಖನವನ್ನು ಕೂಡ ಗಾಜಿನ ಮೇಲೆ ಒಂದೇ ಬೆರಳಿನಿಂದ ತಟ್ಟಿ ತಟ್ಟಿ ಬರೆದು, ಅರ್ಧದಲ್ಲಿಯೇ ಬೇಸತ್ತು, ಕಡೆಗೆ ಬರೆಯುವುದನ್ನೇ ಕಡಮೆಮಾಡುವರು. ಇದು ಸಣ್ಣ ನಷ್ಟವಲ್ಲ. ಈ ತಪ್ಪು ತಿಳಿವಳಿಕೆಯ ಮೂಲವು ಆ ಉಪಕರಣದ ಚರಿತ್ರೆಯಲ್ಲಿದೆ. ಆದುದರಿಂದ ಕೀಲಿಮಣೆಯ ವೃತ್ತಾಂತವನ್ನೂ, ವಿಶೇಷವಾಗಿ ಕನ್ನಡದ ಅಕ್ಷರಗಳು ಅದರಲ್ಲಿ ಬಂದು ನೆಲಸಿದ ಬಗೆಯನ್ನೂ ಇಲ್ಲಿ ನಿರೂಪಿಸಲು ಯತ್ನಿಸಿದೆ.

ಈಗ ಎಲ್ಲೆಡೆಯೂ ಕಾಣುವ ಕೀಲಿಗಳ ಅನುಕ್ರಮವು ಅಮೆರಿಕಾ ದೇಶದ ಮಿಲ್ವಾಕಿ ಪಟ್ಟಣದಲ್ಲಿ ಹುಟ್ಟಿತು. ಕ್ರಿಸ್ಟಫರ್ ಲೇಥಮ್ ಷೋಲ್ಸ್ ಎಂಬ ಪತ್ರಿಕಾಸಂಪಾದಕನು ಗ್ಲಿಡನ್, ಸೂಲೆ ಎಂಬ ಇಬ್ಬರು ಸಹಾಯಕರೊಡನೆ ಕೂಡಿ ಬೆರಳಚ್ಚುಯಂತ್ರವೊಂದನ್ನು ನಿರ್ಮಿಸಿ, ೧೮೬೮ನೆಯ ಇಸವಿಯಲ್ಲಿ ಅದಕ್ಕೆ ಪೇಟೆಂಟು ಪಡೆದನು. ಮೊದಲಿನ ಮಾದರಿಯ ಕೀಲಿಗಳು ಪಿಯಾನೋ ವಾದ್ಯದ ಕೀಲಿಗಳಂತೆಯೇ ಇದ್ದುವು. ಬಂದೂಕು ತಯಾರಿಸುತ್ತಿದ್ದ ರೆಮಿಂಗ್ಟನ್ ಸಂಸ್ಥೆಯು ೧೮೭೩ರಲ್ಲಿ ಅದನ್ನು ವಹಿಸಿಕೊಂಡಿತು. ಮರುವರ್ಷ ಯಂತ್ರವು ಮಾರುಕಟ್ಟೆಗೆ ಬಂದಿತು. ೧೮೭೮ರ ‘ರೆಮಿಂಗ್ಟನ್ ೨’ ಯಂತ್ರದಲ್ಲಿ ಒಂದೇ ಕೀಲಿಯಿಂದ ಎರಡು ಅಕ್ಷರಗಳನ್ನು ಒತ್ತಬಲ್ಲ ‘ಷಿಫ್ಟ್’ ಕೀಲಿಯು ಸೇರಿತು; ಮೇಲಿನ ಸಾಲಿನ ಮೊದಲ ಆರು ಅಕ್ಷರಗಳನ್ನು ಕೂಡಿಸಿ ‘ಕ್ವರ್ಟಿ’ ಎಂದು ಕರೆಯುವ ಅನುಕ್ರಮವೂ ಅಲ್ಲಿಗೆ ಸ್ಥಿರಪಟ್ಟಿತು. ಬೇಗ ಒತ್ತಿದರೆ ಅಚ್ಚಿನ ಸಲಾಕೆಗಳು ಒಂದಕ್ಕೊಂದು ತೊಡರುತ್ತಿದ್ದುದರಿಂದ ಬೆರಳುಗಳ ವೇಗವನ್ನು ತಗ್ಗಿಸಲೆಂದೇ ಹೀಗೆ ಜೋಡಿಸಿದರೆಂಬ ಕಥೆಯು ಬಹುಕಾಲದಿಂದ ಪ್ರಚಾರದಲ್ಲಿದೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ವಿದ್ವಾಂಸರು ೨೦೧೧ರಲ್ಲಿ ಇದನ್ನು ಒಪ್ಪದೆ, ತಂತಿಯ ಮೂಲಕ ಬರುವ ಮೋರ್ಸ್ ಸಂಕೇತಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದವರ ಅನುಕೂಲವೇ ಈ ಅನುಕ್ರಮಕ್ಕೆ ಕಾರಣವೆಂದು ವಾದಿಸಿದರು. ಈ ವಾದವೇ ನಿಜವಾದರೆ, ತಂತಿಯಿಲ್ಲದ ಕೀಲಿಮಣೆಯ ಜೋಡಣೆಯೂ ತಂತಿಯ ಕಚೇರಿಯಿಂದಲೇ ಬಂದಿತೆನ್ನಬೇಕಾಗುವುದು! ಇದಕ್ಕಿಂತ ಸುಕರವಾದ ಅನುಕ್ರಮವೊಂದನ್ನು ಅಗಸ್ಟ್ ಡ್ವೊರಾಕ್ ಎಂಬಾತನು ರಚಿಸಿ ೧೯೩೬ರಲ್ಲಿ ಪೇಟೆಂಟು ಪಡೆದರೂ ಜನರು ರೂಢಿಯನ್ನು ಬಿಡಲಿಲ್ಲ.

ಆ ಯಂತ್ರದ ಒಂದು ಲಕ್ಷಣವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಅಲ್ಲಿ ಕೀಲಿಗೂ ಅಕ್ಷರಕ್ಕೂ ಇದ್ದ ಸಂಬಂಧವು ಉಕ್ಕಿನ ಸಂಬಂಧ. ಕೀಲಿಯನ್ನು ಒತ್ತಿದರೆ ಸಲಾಕೆ ಏಳುವುದು. ಸಲಾಕೆಯ ತುದಿಯಲ್ಲಿ ಎರಕಹೊಯ್ದ ಅಕ್ಷರವೇ ಕಾಗದದ ಮೇಲೆ ಮೂಡುವುದು. ಬೇರೆ ಭಾಷೆ ಬೇಕೆಂದರೆ ಬೇರೆ ಯಂತ್ರವೇ ಬೇಕು. ಇಪ್ಪತ್ತಾರು ಅಕ್ಷರಗಳ ಇಂಗ್ಲಿಷಿಗೆ ಇದು ಭಾರವಾಗಲಿಲ್ಲ. ಕನ್ನಡಕ್ಕಾದರೋ ಮೂವತ್ತನಾಲ್ಕು ವ್ಯಂಜನಗಳು, ಅವುಗಳ ಗುಣಿತಾಕ್ಷರಗಳು, ಅವುಗಳ ಮೇಲೆ ಒತ್ತಕ್ಷರಗಳು. ಗುಣಿತವೊಂದೇ ನಾನೂರನ್ನು ಮೀರುವುದು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಂಥ ಕಡೆ ಮೊಳೆಜೋಡಿಸುವವನ ಮುಂದೆ ಎಷ್ಟು ಗೂಡುಗಳನ್ನಾದರೂ ಇಡಬಹುದಾಗಿತ್ತು. ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಅಚ್ಚಾಗಿ ಬಂದುದು ಹಾಗೆ. ಬೆರಳಚ್ಚುಯಂತ್ರದಲ್ಲಿ ಇದ್ದುದು ನಾಲ್ವತ್ತೈದರ ಆಸುಪಾಸಿನ ಕೀಲಿಗಳು. ಎರಡರಂತೆ ಎಣಿಸಿದರೂ ತೊಂಬತ್ತರಷ್ಟು ಆಕೃತಿಗಳು. ಇಷ್ಟರೊಳಗೆ ಕನ್ನಡವನ್ನು ಅಡಗಿಸಬೇಕಾಗಿತ್ತು.

ಈ ಸಾಹಸದೊಂದಿಗೆ ಸ್ಮರಿಸತಕ್ಕ ಹೆಸರು ಅನಂತಸುಬ್ಬರಾಯರದು. ಕನ್ನಡ ಬೆರಳಚ್ಚುಯಂತ್ರದ ಕೀಲಿಗಳ ವಿನ್ಯಾಸವು ಅವರಿಂದಾಯಿತು. ಇಂಥ ಯಂತ್ರದಲ್ಲಿ ಅಕ್ಷರವನ್ನು ಉಚ್ಚಾರಣೆಯ ಕ್ರಮದಿಂದಲ್ಲ, ಆಕಾರದ ಕ್ರಮದಿಂದ ಕಟ್ಟಬೇಕು: ದೇಹ ಬೇರೆ, ಗುಣಿತದ ಚಿಹ್ನೆ ಬೇರೆ, ಒತ್ತು ಬೇರೆ. ಕಲಿಯುವವನು ಕಾಗುಣಿತವನ್ನು ಮರೆತು ಚಿತ್ರಗಾರನಂತೆ ಯೋಚಿಸಬೇಕಾಗಿತ್ತು. ಆದರೂ ೧೯೬೩ರ ರಾಜಭಾಷಾ ಕಾಯಿದೆಯಾದ ಮೇಲೆ ಕಚೇರಿಗಳಲ್ಲಿ ಕನ್ನಡವು ನಡೆಯಲು ಈ ಯಂತ್ರಗಳೇ ಆಸರೆಯಾದುವು. ಊರೂರುಗಳಲ್ಲಿ ಬೆರಳಚ್ಚಿನ ಶಾಲೆಗಳು ತೆರೆದುವು. ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಮುಗಿಸಿ ಉದ್ಯೋಗ ಪಡೆದವರು ಅಸಂಖ್ಯಾತರು. ಕನ್ನಡದ ಆಡಳಿತದ ಚರಿತ್ರೆಯನ್ನು ಬರೆಯುವವರು ಈ ಬೆರಳಚ್ಚುಗಾರರ ವಿಷಯಕ್ಕೆ ಒಂದು ಪುಟವನ್ನಾದರೂ ಮೀಸಲಿಡದಿರುವುದು ಅನ್ಯಾಯವೆಂದು ತೋರುವುದು.

ಗಣಕಯಂತ್ರವು ಬಂದಾಗ ಆ ಉಕ್ಕಿನ ಸಂಬಂಧವು ಕಡಿದುಹೋಯಿತು. ಈಗಿನ ಕೀಲಿಮಣೆಯು ಅಕ್ಷರವನ್ನು ಕಳುಹಿಸುವುದೇ ಇಲ್ಲ. ‘ಇಂಥ ಸ್ಥಾನದ ಕೀಲಿಯನ್ನು ಒತ್ತಿದರು, ಈಗ ಬಿಟ್ಟರು’ ಎಂಬುದನ್ನು ತಿಳಿಸುವ ಒಂದು ಸಂಖ್ಯೆಯನ್ನು ಮಾತ್ರ ಅದು ಕಳುಹಿಸುವುದು. ಆ ಸಂಖ್ಯೆಗೆ ಯಾವ ಅಕ್ಷರವೆಂದು ನಿರ್ಣಯಿಸುವುದು ಗಣಕದೊಳಗಿನ ತಂತ್ರಾಂಶ. ಕೀಲಿಯ ಮೇಲೆ ಅಚ್ಚಾಗಿರುವ ಇಂಗ್ಲಿಷ್ ಅಕ್ಷರವು ಬರಿಯ ಬಣ್ಣ. ಯಂತ್ರಕ್ಕೆ ಅದರ ಪರಿವೆಯೇ ಇಲ್ಲ. ಆದ್ದರಿಂದ ಕನ್ನಡದ ಕೀಲಿಮಣೆ, ಇಂಗ್ಲಿಷಿನ ಕೀಲಿಮಣೆ ಎಂಬ ಭೇದವು ಬೆರಳಚ್ಚುಯಂತ್ರದ ಕಾಲಕ್ಕೆ ಮುಗಿದುಹೋಯಿತು. ತಂತಿಯು ಕಡಿದುದಕ್ಕಿಂತ ಈ ಕಡಿತವೇ ದೊಡ್ಡದು. ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗುವವರಿಗೆ ತಿಳಿಯದಿರುವುದು ಇಷ್ಟೇ.

ಕೀಲಿಯಿಂದ ಬಿಡುಗಡೆಯಾದ ಕನ್ನಡದ ಅಕ್ಷರಗಳಿಗೆ ಹೊಸ ಸ್ಥಾನಗಳನ್ನು ಗೊತ್ತುಮಾಡಬೇಕಾಯಿತು. ಇದರಲ್ಲಿ ಎರಡು ಮಾರ್ಗಗಳು ಮುಖ್ಯ. ಮೊದಲನೆಯದು ಭಾರತಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ೧೯೮೬ರಲ್ಲಿ ಗೊತ್ತುಪಡಿಸಿದ ‘ಇನ್‌ಸ್ಕ್ರಿಪ್ಟ್’. ಇದು ೧೯೯೧ರಲ್ಲಿ ಭಾರತೀಯ ಮಾನಕದಲ್ಲಿಯೂ ಸೇರಿತು. ಬ್ರಾಹ್ಮಿಯಿಂದ ಬಂದ ಲಿಪಿಗಳೆಲ್ಲಕ್ಕೂ ವರ್ಣಮಾಲೆಯು ಒಂದೇ ಎಂಬ ತತ್ತ್ವದ ಮೇಲೆ ಇದನ್ನು ಕಟ್ಟಿರುವರು. ಮೇಲಿನ ಸಾಲುಗಳಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಅಲ್ಪಪ್ರಾಣವು ನೇರವಾಗಿ, ಮಹಾಪ್ರಾಣವು ಷಿಫ್ಟಿನೊಡನೆ. ಕನ್ನಡದ ಕಕಾರವಿರುವ ಸ್ಥಾನದಲ್ಲಿಯೇ ತೆಲುಗಿನ, ಬಂಗಾಳಿಯ, ದೇವನಾಗರಿಯ ಕಕಾರವೂ ಇರುವುದು. ಶಾಸ್ತ್ರದೃಷ್ಟಿಯಿಂದ ಇದಕ್ಕಿಂತ ಸುಂದರವಾದುದು ಇನ್ನೊಂದಿಲ್ಲ; ಆದರೆ ಹೊಸದಾಗಿ, ಪರಿಶ್ರಮದಿಂದ ಕಲಿಯಬೇಕಾದುದು.

ಎರಡನೆಯ ಮಾರ್ಗವು ದಕ್ಷಿಣಕನ್ನಡದ ಕಿನ್ನಿಕಂಬಳ ಪದ್ಮನಾಭರಾಯರದು, ಕೆ. ಪಿ. ರಾವ್ ಎಂದರೆ ಎಲ್ಲರಿಗೂ ತಿಳಿಯುವುದು. ಇಂಗ್ಲಿಷ್ ಕೀಲಿಗಳನ್ನು ಆಗಲೇ ಬಲ್ಲ ಕನ್ನಡಿಗನ ಬೆರಳುಗಳಿಗೆ ಎರಡನೆಯ ಸಲ ಪಾಠ ಹೇಳಬೇಕಾಗಿಲ್ಲವೆಂಬುದು ಅವರ ಆಲೋಚನೆ. ‘ಕೆ’ ಎಂಬಲ್ಲಿ ಕಕಾರ, ‘ಎನ್’ ಎಂಬಲ್ಲಿ ನಕಾರ, ಷಿಫ್ಟಿನೊಡನೆ ಅದೇ ಣಕಾರ; ಇಂಗ್ಲಿಷಿನ ಧ್ವನಿ ಒದಗದೆಡೆಗಳಲ್ಲಿ ಖಾಲಿ ಉಳಿದ ಕೀಲಿಗಳನ್ನು ಬಳಸಿಕೊಂಡು ‘ಕ್ಯೂ’ ಎಂಬಲ್ಲಿ ಟಕಾರ, ‘ಡಬ್ಲ್ಯೂ’ ಎಂಬಲ್ಲಿ ಡಕಾರ. ವ್ಯಂಜನದ ಬಳಿಕ ಸ್ವರವನ್ನು ಒತ್ತಿದರೆ ಅದು ತಾನೇ ಗುಣಿತವಾಗುವುದು. ಎರಡು ವ್ಯಂಜನಗಳ ನಡುವೆ ‘ಎಫ್’ ಕೀಲಿಯನ್ನು ಒತ್ತಿದರೆ ಒತ್ತಕ್ಷರವಾಗುವುದು. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದೇ ಏಟುಗಳು ಸಾಕು. ಸಮಗ್ರ ಕನ್ನಡವು ಇಪ್ಪತ್ತಾರು ಕೀಲಿಗಳಲ್ಲಿ ಅಡಗಿತು. ಈ ವಿನ್ಯಾಸವಿದ್ದ ತಂತ್ರಾಂಶಕ್ಕೆ ಅವರು ಛಂದಶ್ಶಾಸ್ತ್ರಜ್ಞರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು, ಯಾವ ಹಕ್ಕನ್ನೂ ಬಯಸದೆ ಸರ್ವರಿಗೂ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಇದನ್ನೇ ಅನುಸರಿಸಿತು, ರಾಜ್ಯಸರ್ಕಾರವೂ ಅಂಗೀಕರಿಸಿತು. ಲಿನಕ್ಸ್ ಬಳಸುವವರು ತಮ್ಮ ಗಣಕದ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರನ್ನು ಕಂಡಿರಬಹುದು; ಅದು ಆ ಪರಿಷತ್ತಿನ ಆದ್ಯಕ್ಷರಗಳಿಂದ ಬಂದುದು. ನಮ್ಮ ಕಾಲದಲ್ಲಿ ಕನ್ನಡಕ್ಕೆ ಸಂದ ದಾನಗಳಲ್ಲಿ ಇದು ಹಿರಿದಾದುದೆಂದು ನಿಸ್ಸಂಕೋಚವಾಗಿ ಹೇಳಬಹುದು.

ಇನ್ನು ತಂತಿಯ ಮಾತು. ಮನೆಬಳಕೆಯ ಗಣಕದೊಡನೆ ತಂತಿಯಿಲ್ಲದ ಕೀಲಿಮಣೆಯನ್ನು ದೊಡ್ಡ ಸಂಸ್ಥೆಯೊಂದು ಕೊಟ್ಟುದರ ಪ್ರಸಿದ್ಧ ನಿದರ್ಶನವು ಐ. ಬಿ. ಎಂ. ಸಂಸ್ಥೆಯ ‘ಪಿ.ಸಿ. ಜೂನಿಯರ್’. ೧೯೮೩ರ ನವೆಂಬರಿನಲ್ಲಿ ಪ್ರಕಟವಾದ ಇದರ ಮಣೆಯು ಕಣ್ಣಿಗೆ ಕಾಣದ ಅತಿರಕ್ತ ಕಿರಣಗಳಿಂದ ಗಣಕಕ್ಕೆ ಸಂಜ್ಞೆಮಾಡುತ್ತಿತ್ತು. ನಡುವೆ ಏನಾದರೂ ಅಡ್ಡಬಂದರೆ ಸಂಜ್ಞೆಯು ನಿಲ್ಲುತ್ತಿತ್ತು. ಒಂದೇ ಕೊಠಡಿಯಲ್ಲಿ ಇಂಥವು ಎರಡಿದ್ದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸುತ್ತಿತ್ತು. ಕೀಲಿಗಳಾದರೋ ಬಿಡಿಬಿಡಿಯಾದ ಚಿಕ್ಕ ಬಿಲ್ಲೆಗಳಂತಿದ್ದು, ಅವುಗಳ ಮೇಲೆ ಅಕ್ಷರಗಳೇ ಇರಲಿಲ್ಲ. ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಹೊದಿಕೆಗಳನ್ನು ಹಾಸಲೆಂದು ಅಕ್ಷರಗಳನ್ನು ಕೀಲಿಗಳ ಮೇಲ್ಗಡೆಯ ಸಂದಿನಲ್ಲಿ ಅಚ್ಚುಮಾಡಿದ್ದರು. ಆಲೋಚನೆ ಚೆನ್ನಾಗಿತ್ತು, ಬೆರಳುಗಳು ಒಪ್ಪಲಿಲ್ಲ. ಸಂಸ್ಥೆಯು ೧೯೮೪ರಲ್ಲಿ ಕೊಂಡವರಿಗೆಲ್ಲ ಬೇರೆ ಮಣೆಯನ್ನು ಬೆಲೆಯಿಲ್ಲದೆ ಕೊಡಬೇಕಾಯಿತು. ೧೯೮೫ರಲ್ಲಿ ಆ ಗಣಕದ ತಯಾರಿಕೆಯೇ ನಿಂತಿತು. ಈ ಕಥೆಯಲ್ಲಿ ಸೋಲಿಗೆ ಮುಖ್ಯ ಕಾರಣವಾದುದು ಕಿರಣವಲ್ಲ, ಕೀಲಿ. ಇಂದಿಗೂ ಅಗಲವಾದ, ಒತ್ತಿದುದು ಬೆರಳಿಗೆ ತಿಳಿಯುವಂಥ ಕೀಲಿಯನ್ನು ಮೊದಲು ನೋಡಿ, ಮಿಕ್ಕುದನ್ನು ಆಮೇಲೆ ನೋಡುವುದು ಲೇಸು.

ಕಿರಣದ ಸ್ಥಾನಕ್ಕೆ ರೇಡಿಯೋ ತರಂಗವು ಬಂದಮೇಲೆ ಅಡ್ಡಿಗಳು ತೊಲಗಿದುವು. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯು ೧೯೯೪ರಲ್ಲಿ ಆರಂಭಿಸಿದ ಪ್ರಯತ್ನವನ್ನು ೧೯೯೮ರಲ್ಲಿ ಐದು ಸಂಸ್ಥೆಗಳು ಕೂಡಿ ಮುಂದುವರಿಸಿದುವು. ಅದಕ್ಕೆ ತಾತ್ಕಾಲಿಕವಾಗಿ ಇಟ್ಟ ‘ಬ್ಲೂಟೂತ್’ ಎಂಬ ಹೆಸರೇ ಶಾಶ್ವತವಾಯಿತು. ಇದು ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸು ಹೆರಾಲ್ಡನ ಅಡ್ಡಹೆಸರು. ಯೆಲಿಂಗ್ ಎಂಬ ಊರಿನಲ್ಲಿ ಅವನು ನಿಲ್ಲಿಸಿದ ಶಿಲಾಶಾಸನವು ಈಗಲೂ ಇದೆ. ಆ ಕಾಲದ ರೂನ್ ಲಿಪಿಯ ಎರಡಕ್ಷರಗಳನ್ನು ಬೆಸೆದುದೇ ಈ ತಂತ್ರದ ಲಾಂಛನ. ಶಾಸನಾಭ್ಯಾಸಿಗಳು ಈ ಸಂಗತಿಯನ್ನು ಕೇಳಿ ಸಂತೋಷಪಡಬಹುದು.

ಬ್ಲೂಟೂತ್ ಅಲ್ಲದೆ, ಗಣಕದ ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸುವ ಗೇಣಿಲ್ಲದ ಗ್ರಾಹಕವೊಂದರ ಮೂಲಕ ನಡೆಯುವ ಕೀಲಿಮಣೆಗಳೂ ಉಂಟು. ಮೇಜಿನ ಗಣಕಕ್ಕೆ ಇವು ಚೆನ್ನಾಗಿ ಒದಗುವುವು; ಬ್ಲೂಟೂತ್ ಮಣೆಯು ಸಾಮಾನ್ಯವಾಗಿ ಗಣಕವು ಪೂರ್ಣವಾಗಿ ಎಚ್ಚತ್ತ ಮೇಲೆಯೇ ಮಾತನಾಡುವುದು, ಇದು ಮೊದಲೇ ಮಾತನಾಡುವುದು. ಆದರೆ ಆ ಅಗಲದ ಕಿಂಡಿಯಿಲ್ಲದ ಟ್ಯಾಬ್ಲೆಟ್ಟಿಗೆ ಬ್ಲೂಟೂತೇ ಗತಿ. ಅಲ್ಲದೆ ಬ್ಲೂಟೂತ್ ಅಲ್ಲದ ಕೆಲವು ಅಗ್ಗದ ಮಣೆಗಳು ಒತ್ತಿದ ಕೀಲಿಗಳನ್ನು ಗೂಢಲಿಪಿಗೆ ತಿರುಗಿಸದೆ ಬಯಲಾಗಿಯೇ ಪ್ರಸಾರಮಾಡುವುವೆಂದು ೨೦೧೬ರಲ್ಲಿ ಅಮೆರಿಕೆಯ ಪರೀಕ್ಷಕರು ಬಹಿರಂಗಪಡಿಸಿದರು. ಬ್ಯಾಂಕಿನ ಗುಟ್ಟಿನ ಪದವನ್ನು ಒತ್ತುವವರು ಇದನ್ನು ಮರೆಯಬಾರದು.

ಟ್ಯಾಬ್ಲೆಟ್ಟಿಗೆಂದೇ ಮಾಡಿದ ಕಿರಿಯ ಮಣೆಗಳಲ್ಲಿ ಕನ್ನಡಿಗನಿಗೆ ಬೇರೊಂದು ತೊಡಕುಂಟು; ಇದನ್ನು ಇಂಗ್ಲಿಷಿನ ವಿಮರ್ಶೆಗಳು ಹೇಳವು. ಅಗಲವನ್ನು ಉಳಿಸಲು ತಯಾರಕರು ಬಲಬದಿಯ ವಿರಾಮಚಿಹ್ನೆಯ ಕೀಲಿಗಳನ್ನು ಅರ್ಧಕ್ಕೆ ಕುಗ್ಗಿಸುವರು, ಅಥವಾ ಬೇರೆಡೆಗೆ ಸರಿಸುವರು. ಎಡತುದಿಯಲ್ಲಿ ಒಂದರ ಅಂಕಿಯ ಪಕ್ಕದ ಕೀಲಿಯನ್ನು ಬೇರೆ ಕೆಲಸಕ್ಕೆ ಕೊಡುವರು. ಇಂಗ್ಲಿಷಿಗೆ ಇದರಿಂದ ಹೋಗುವುದು ಒಂದೆರಡು ಚಿಹ್ನೆಗಳ ಸೌಕರ್ಯ. ಇನ್‌ಸ್ಕ್ರಿಪ್ಟಿನಲ್ಲಾದರೋ ಚ, ಟ, ಡ, ಯ ಎಂಬ ನಿತ್ಯದ ಅಕ್ಷರಗಳು ಆ ಬಲಬದಿಯ ಕೀಲಿಗಳಲ್ಲಿಯೇ ಇರುವುವು. ಒಕಾರದ ಗುಣಿತವು ಆ ಎಡತುದಿಯಲ್ಲಿದೆ. ಆದುದರಿಂದ ಇನ್‌ಸ್ಕ್ರಿಪ್ಟ್ ಬಲ್ಲವರು ಪೂರ್ಣಾಕಾರದ ಮಣೆಯನ್ನೇ ಹುಡುಕಬೇಕು. ಪದ್ಮನಾಭರಾಯರ ಮಾರ್ಗವನ್ನು ಹಿಡಿದವರಿಗೆ ಎಷ್ಟು ಕಿರಿದಾದ ಮಣೆಯಾದರೂ ನಡೆಯುವುದು. ಅವರು ವಿಚಾರಿಸಬೇಕಾದುದು ಟ್ಯಾಬ್ಲೆಟ್ಟಿನ ತಂತ್ರಾಂಶವನ್ನು: ಪರದೆಯ ಮೇಲೆ ಕನ್ನಡವನ್ನು ತೋರಿಸುವ ಸಾಧನವು ಹೊರಗಿನ ಮಣೆಯಿಂದಲೂ ಕನ್ನಡವನ್ನು ಸ್ವೀಕರಿಸುವುದೆಂಬ ನಿಯಮವಿಲ್ಲ, ಸ್ವೀಕರಿಸಿದರೂ ಅದು ತಾವು ಕಲಿತ ಅನುಕ್ರಮವೇ ಆಗಿರಬೇಕೆಂದಿಲ್ಲ. ವಿಂಡೋಸ್ ಗಣಕಗಳಲ್ಲಿ ಬಹುಕಾಲ ಇನ್‌ಸ್ಕ್ರಿಪ್ಟ್ ಒಂದೇ ಸಹಜವಾಗಿದ್ದು, ಧ್ವನಿಯನ್ನನುಸರಿಸುವ ಕನ್ನಡ ಮಣೆಯು ೨೦೧೯ರಲ್ಲಿ ಸೇರಿತು.

ಆದುದರಿಂದ ಅಂಗಡಿಗೆ ಹೋಗುವಾಗ ತಮ್ಮ ಟ್ಯಾಬ್ಲೆಟ್ಟನ್ನು ಜೊತೆಯಲ್ಲಿ ಒಯ್ದು, ಮಣೆಯನ್ನು ಅಲ್ಲಿಯೇ ಜೋಡಿಸಿ, ‘ದೊಡ್ಡಯ್ಯ’, ‘ಚಟ್ಟಂಬಡೆ’ ಎಂಬ ಎರಡು ಪದಗಳನ್ನು ಒತ್ತಿನೋಡುವುದು ಉಚಿತ. ಮೇಲೆ ಹೇಳಿದ ತೊಡಕಿನ ಅಕ್ಷರಗಳೆಲ್ಲವೂ ಇವೆರಡರಲ್ಲಿಯೇ ಬಂದುಹೋಗುವುವು. ‘ಎಫ್’, ‘ಜೆ’ ಕೀಲಿಗಳ ಮೇಲೆ ಸಣ್ಣ ಉಬ್ಬುಗೆರೆಯಿರುವುದೇ ಎಂದು ಸಹ ಬೆರಳಾಡಿಸಿ ನೋಡಬೇಕು. ನೋಡದೆ ಒತ್ತುವವರ ತೋರುಬೆರಳುಗಳು ತಮ್ಮ ಸ್ಥಾನವನ್ನು ಕಂಡುಕೊಳ್ಳಲೆಂದು ಇಟ್ಟ ಗೆರೆಗಳಿವು. ಪದ್ಮನಾಭರಾಯರ ವಿನ್ಯಾಸದಲ್ಲಿ ಕನ್ನಡದ ಒತ್ತಕ್ಷರಗಳನ್ನೆಲ್ಲ ಹುಟ್ಟಿಸುವ ಕೀಲಿಯು ಎಡಗಡೆಯ ಗೆರೆಯ ಕೆಳಗೇ ಇರುವುದು.